ಸುಂಕದ ಕಟ್ಟೆಯೂ ತುಂಬಿದ ಲಾರಿಯೂ

ನಮ್ಮ ವಾಚಕರಲ್ಲಿ ಬಹುಮಂದಿ ಸಂಸಾರಸ್ಥರು. ಮಗನಿಗೆ ಬೇರೆ ಊರಿಗೆ ವರ್ಗವಾದಾಗಲೋ, ಮಗಳಿಗೆ ಹೊಸ ಸಂಸಾರ ಹೂಡಿಕೊಡುವಾಗಲೋ, ಮಂಚ ಬೀರು ಪಾತ್ರೆಪಡಗಗಳನ್ನು ಸಾಗಿಸುವುದಕ್ಕಾಗಿ ಲಾರಿ ಆಫೀಸಿನ ಮೆಟ್ಟಿಲನ್ನು ಒಮ್ಮೆಯಾದರೂ ಹತ್ತಿಯೇ ಇರುತ್ತಾರೆ. ಅಲ್ಲಿಯ ಗುಮಾಸ್ತನು ತಲೆಯೆತ್ತದೆಯೇ ಕೇಳುವ ಮೊದಲನೆಯ ಪ್ರಶ್ನೆ, “ಫುಲ್ ಲೋಡೋ, ಪಾರ್ಟ್ ಲೋಡೋ?” ಎಂಬುದು. ಹತ್ತು ಮಂದಿಯ ಸರಕಿನೊಡನೆ ನಮ್ಮದೂ ಒಂದು ಮೂಲೆಯಲ್ಲಿ ಕುಳಿತು ಹೋಗುವುದಾದರೆ ಪಾರ್ಟ್ ಲೋಡು. ಇಡೀ ಲಾರಿಯನ್ನು ನಮಗಾಗಿಯೇ ಗೊತ್ತುಮಾಡಿದರೆ ಫುಲ್ ಲೋಡು. ಎರಡನೆಯದರಲ್ಲಿ ತೂಕಕ್ಕೆ ಇಷ್ಟೆಂದು ಲೆಕ್ಕವಿಲ್ಲ. ಲಾರಿಗೆ ಇಷ್ಟೆಂದು ಬಾಡಿಗೆ. ಅರ್ಧ ತುಂಬಿದರೂ ಅಷ್ಟೇ, ಪೂರ್ತಿ ತುಂಬಿದರೂ ಅಷ್ಟೇ. ಅದರ ಗುಣವೇನೆಂದರೆ, ಸಾಮಾನು ಒಂದೇ ಸಲ ಏರುತ್ತದೆ, ಒಂದೇ ಸಲ ಇಳಿಯುತ್ತದೆ; ನಡುವೆ ಮತ್ತೊಬ್ಬರ ಕೈ ತಾಗುವುದಿಲ್ಲ. ಮನೆಯ ಬಾಗಿಲಲ್ಲಿ ಹಗ್ಗ ಬಿಗಿದು ಟಾರ್ಪಾಲು ಹೊದಿಸಿದ್ದು ಹೋಗಿ ಸೇರುವ ಮನೆಯ ಬಾಗಿಲಲ್ಲಿಯೇ ಬಿಚ್ಚಲ್ಪಡುತ್ತದೆ.

ಮನೆಯ ಸಾಮಾನಿಗೆ ಹೇಗೋ, ವರ್ತಕನ ಸರಕಿಗೂ ಹಾಗೆಯೇ. ಆದರೆ ಆ ಲಾರಿಯು ಒಂದು ದೇಶದಿಂದ ನೆರೆಯ ದೇಶಕ್ಕೆ ಹೋಗಬೇಕಾಗಿ ಬಂದರೆ ಈ ಗುಣವು ಎಷ್ಟರ ಮಟ್ಟಿಗೆ ಉಳಿಯುತ್ತದೆ ಎಂಬ ಪ್ರಶ್ನೆಯನ್ನು ನಾವು ನಿವೃತ್ತರಾಗುವವರೆಗೂ ಆಲೋಚಿಸಿದವರಲ್ಲ. ಅಮರಕೋಶವನ್ನೂ ಶಬ್ದರೂಪಗಳನ್ನೂ ಬಾಯಿಪಾಠ ಮಾಡಿಸುತ್ತ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದವರಿಗೆ ಲಾರಿಯ ಯೋಚನೆ ಎಲ್ಲಿಂದ ಬರಬೇಕು? ಅದನ್ನು ನಮಗೆ ತಂದುಕೊಟ್ಟವನು ನಮ್ಮ ಹಳೆಯ ಶಿಷ್ಯನೊಬ್ಬನು. ಅವನು ಕಲ್ಕತ್ತೆಯಲ್ಲಿ ಲಾರಿ ಸಾಗಣೆಯ ವ್ಯವಹಾರದಲ್ಲಿದ್ದಾನೆ. ೨೦೧೯ನೆಯ ಇಸವಿ ಡಿಸೆಂಬರಿನಲ್ಲಿ ನಾವು ಆ ಊರಿಗೆ ಹೋಗಿದ್ದಾಗ, “ಕಾಳೀಘಟ್ಟ, ದಕ್ಷಿಣೇಶ್ವರ ಎಲ್ಲರೂ ನೋಡುತ್ತಾರೆ, ಮೇಷ್ಟ್ರೇ, ನಾನು ನಿಮಗೆ ಬೇರೊಂದು ಕ್ಷೇತ್ರ ತೋರಿಸುತ್ತೇನೆ” ಎಂದು ಹೇಳಿ ಬೆಳಗಿನ ಜಾವಕ್ಕೇ ಕಾರಿನಲ್ಲಿ ಹೊರಡಿಸಿದನು. ಆ ಕ್ಷೇತ್ರದ ಹೆಸರು ಪೆಟ್ರಾಪೋಲ್.

ಕಲ್ಕತ್ತೆಯಿಂದ ಸುಮಾರು ೮೦ ಕಿಲೋಮೀಟರು. ದಾರಿಯ ಹೆಸರು ಜೆಸ್ಸೋರ್ ರಸ್ತೆ. ಕಾಳೀ ಪೋದ್ದಾರನೆಂಬ ಜಮೀನುದಾರನು ತನ್ನ ತಾಯಿಯು ಗಂಗಾಸ್ನಾನಕ್ಕೆ ಹೋಗುವುದಕ್ಕೆ ಅನುಕೂಲವಾಗಲೆಂದು ಈ ರಸ್ತೆಯನ್ನು ಮಾಡಿಸಿ ನೆರಳಿಗೆ ಮರ ನೆಡಿಸಿದನೆಂದು ಅಲ್ಲಿಯವರು ಹೇಳುತ್ತಾರೆ. ಆ ಮಹಾವೃಕ್ಷಗಳು ಎರಡು ಮಗ್ಗುಲಿಂದಲೂ ಬಾಗಿ ಚಪ್ಪರವಾಗಿವೆ. ರೈಲ್ವೆ ಹಳಿಯ ಮೇಲೆ ಸೇತುವೆಗಳನ್ನು ಕಟ್ಟುವುದಕ್ಕಾಗಿ ಇವುಗಳಲ್ಲಿ ೩೫೬ ಮರಗಳನ್ನು ಕಡಿಯಬಹುದೆಂದು ೨೦೨೩ರಲ್ಲಿ ಸುಪ್ರೀಂ ಕೋರ್ಟು ಅನುಮತಿ ಕೊಟ್ಟಿತು. ನಾವು ನೋಡಿದಾಗ ಅವು ಇನ್ನೂ ನಿಂತಿದ್ದವು; ಅವುಗಳ ಕೆಳಗೆ ಲಾರಿಗಳೂ ನಿಂತಿದ್ದವು.

ಬನಗಾಂವ್ ಎಂಬ ಪಟ್ಟಣವು ಈ ದಾರಿಯಲ್ಲಿ ಗಡಿಗೆ ಮುಂಚೆ ಸಿಕ್ಕುವ ದೊಡ್ಡ ಊರು. ೧೯೪೭ಕ್ಕೆ ಮೊದಲು ಇದು ಜೆಸ್ಸೋರ್ ಜಿಲ್ಲೆಗೇ ಸೇರಿತ್ತು. ಆ ವರ್ಷದ ಆಗಸ್ಟಿನಲ್ಲಿ ರಾಡ್‌ಕ್ಲಿಫ್ ಸಾಹೇಬರು ಎಳೆದ ಗೆರೆಯು ಜಿಲ್ಲೆಯನ್ನು ಸೀಳಿ, ಬನಗಾಂವನ್ನು ಇತ್ತಲಾಗಿಯೂ ಜೆಸ್ಸೋರನ್ನು ಅತ್ತಲಾಗಿಯೂ ಹಾಕಿತು. ಅಂದಿನ ಪೂರ್ವಪಾಕಿಸ್ತಾನವೇ ೧೯೭೧ರಲ್ಲಿ ಬಾಂಗ್ಲಾದೇಶವಾಯಿತು. ತಾಲ್ಲೂಕಿನಿಂದ ಜಿಲ್ಲೆಯ ಪಟ್ಟಣಕ್ಕೆ ಹೋಗುವ ದಾರಿಯು ಹೀಗೆ ಎರಡು ರಾಷ್ಟ್ರಗಳ ನಡುವಣ ರಾಜಮಾರ್ಗವಾಗಿ ಪರಿಣಮಿಸಿತು. ಗಡಿಯ ಈಚೆಗೆ ಪೆಟ್ರಾಪೋಲ್, ಆಚೆಗೆ ಬೇನಾಪೋಲ್. ಎರಡು ದೇಶಗಳ ನಡುವೆ ನೆಲದ ಮೇಲೆ ಸಾಗುವ ವ್ಯಾಪಾರಕ್ಕೆ ಇದೇ ಮುಖ್ಯ ದ್ವಾರ.

ನಮ್ಮಲ್ಲಿ “ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ” ಎಂಬ ಗಾದೆಯುಂಟಷ್ಟೆ. ಇದು ನಿನ್ನೆ ಮೊನ್ನೆ ಹುಟ್ಟಿದ ಅನುಭವವಲ್ಲ. ಬೆಂಗಳೂರಿನಲ್ಲಿ ಸುಂಕದಕಟ್ಟೆಯೆಂಬ ಬಡಾವಣೆ ಇಂದಿಗೂ ಇದೆ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನ ವಿಷಯವಾಗಿ ಒಂದು ಪ್ರಕರಣವೇ ಇದೆ. (ಈ ಗ್ರಂಥವು ಲೋಕಕ್ಕೆ ಮತ್ತೆ ದೊರೆತುದು ನಮ್ಮ ಮೈಸೂರಿನಲ್ಲಿ. ೧೯೦೫ರಲ್ಲಿ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ ೧೯೦೯ರಲ್ಲಿ ಅಚ್ಚುಹಾಕಿಸಿದರು. ಈ ಹೆಮ್ಮೆಯ ಮಾತನ್ನು ಸಂದರ್ಭ ಸಿಕ್ಕಿದಾಗಲೆಲ್ಲ ಹೇಳುವುದು ನಮ್ಮ ಹಳೆಯ ಅಭ್ಯಾಸ, ವಾಚಕರು ಕ್ಷಮಿಸಬೇಕು.) ಗಡಿಯಲ್ಲಿರುವ ಅಂತಪಾಲನು ಸರಕು ಹೊತ್ತ ಪ್ರತಿಯೊಂದು ಬಂಡಿಯಿಂದಲೂ ಒಂದೂಕಾಲು ಪಣ ದಾರಿಯ ಸುಂಕ ತೆಗೆದುಕೊಳ್ಳತಕ್ಕದ್ದು, ದಾರಿಯಲ್ಲಿ ಕಳುವಾದುದನ್ನು ತಾನೇ ತುಂಬಿಕೊಡತಕ್ಕದ್ದು, ಪರದೇಶದಿಂದ ಬಂದ ಸಾರ್ಥವಾಹರ ಸರಕನ್ನು ಪರೀಕ್ಷಿಸಿ, ಮುದ್ರೆಯೊತ್ತಿ, ಪಟ್ಟಣದ ಶುಲ್ಕಾಧ್ಯಕ್ಷನ ಬಳಿಗೆ ಕಳುಹಿಸತಕ್ಕದ್ದು. ಪಟ್ಟಣದ ಮಹಾದ್ವಾರದ ಬಳಿ ಧ್ವಜ ನೆಟ್ಟ ಸುಂಕದ ಶಾಲೆಯಿರಬೇಕು. ಅಲ್ಲಿ ಬಂದ ವರ್ತಕರು ಯಾರು, ಎಲ್ಲಿಯವರು, ಎಷ್ಟು ಸರಕು ತಂದಿದ್ದಾರೆ, ಮುದ್ರೆ ಎಲ್ಲಿ ಬಿತ್ತು ಎಂದು ಕೇಳಿ ಬರೆದುಕೊಳ್ಳಬೇಕು. ಮುದ್ರೆಯಿಲ್ಲದೆ ಬಂದವನಿಗೆ ಸುಂಕದ ಎರಡರಷ್ಟು ದಂಡ, ಕಳ್ಳಮುದ್ರೆಗೆ ಎಂಟರಷ್ಟು.

ಇದರಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದಿದೆ. ಗಡಿಯಲ್ಲಿ ಬಂಡಿಯನ್ನು ಬರಿದುಮಾಡಬೇಕೆಂದು ಕೌಟಿಲ್ಯನು ವಿಧಿಸಲಿಲ್ಲ. ಪರೀಕ್ಷಿಸು, ಮುದ್ರೆಯೊತ್ತು, ಮುಂದಕ್ಕೆ ಬಿಡು ಎಂಬುದೇ ಅವನ ಕ್ರಮ. ನಾವು ಪೆಟ್ರಾಪೋಲಿನಲ್ಲಿ ಕಂಡುದು ಹಾಗಿರಲಿಲ್ಲ.

ಅಲ್ಲಿಯ ಕ್ರಮವನ್ನು ಶಿಷ್ಯನು ವಿಶದಪಡಿಸಿದುದು ಹೀಗೆ. ನಮ್ಮ ದೇಶದ ಯಾವುದೋ ಊರಿನಿಂದ ಒಂದು ಲಾರಿ ತುಂಬ ಹತ್ತಿಯ ಬೇಲುಗಳೋ, ಬಟ್ಟೆಯೋ, ಯಂತ್ರದ ಬಿಡಿಭಾಗಗಳೋ ಹೊರಡುತ್ತವೆಂದು ಇಟ್ಟುಕೊಳ್ಳೋಣ. ಅದು ಬನಗಾಂವಿಗೆ ಬಂದು ನಿಲುಗಡೆಯ ಮೈದಾನದಲ್ಲಿ ಸರದಿ ಕಾಯುತ್ತದೆ. ಸರದಿ ಬಂದ ಮೇಲೆ ಪೆಟ್ರಾಪೋಲಿನ ತಪಾಸಣೆಯ ಆವರಣವನ್ನು ಸೇರುತ್ತದೆ. ರಫ್ತಿನ ಕಾಗದಗಳನ್ನು ಕ್ಲಿಯರಿಂಗ್ ಏಜೆಂಟನು ಕಸ್ಟಮ್ಸಿನವರಿಗೆ ಒಪ್ಪಿಸಿ ಅಪ್ಪಣೆ ಪಡೆಯುತ್ತಾನೆ. ಚಾಲಕನಿಗೆ ಪಾಸ್‌ಪೋರ್ಟು ಬೇಡ. ‘ಕಾರ್ ಪಾಸ್’ ಎಂಬ ಒಂದು ರಹದಾರಿ ಸಾಕು. ಅದನ್ನು ಹಿಡಿದು ಅವನು ಗೆರೆ ದಾಟಿ ಬೇನಾಪೋಲಿನ ಅಂಗಳದವರೆಗೆ ಮಾತ್ರ ಹೋಗಬಹುದು. ಅದರಿಂದಾಚೆಗೆ ಒಂದು ಹೆಜ್ಜೆಯೂ ಕೂಡದು. ಅಲ್ಲಿ ಸರಕನ್ನೆಲ್ಲ ಇಳಿಸುತ್ತಾರೆ. ಆ ದೇಶದ ಸುಂಕ, ಪರೀಕ್ಷೆ, ಬ್ಯಾಂಕಿನ ಕಾಗದಗಳೆಲ್ಲ ಮುಗಿದ ಮೇಲೆ ಬಾಂಗ್ಲಾದೇಶದ ಲಾರಿಯೊಂದು ಬಂದು ಅದನ್ನು ತುಂಬಿಕೊಂಡು ಢಾಕಾಕ್ಕೋ ಇನ್ನೆಲ್ಲಿಗೋ ಹೋಗುತ್ತದೆ. ನಮ್ಮ ಲಾರಿಯು ಬರಿದಾಗಿ ಹಿಂದಿರುಗುತ್ತದೆ. ಅತ್ತಲಿಂದ ಸೆಣಬಿನ ಸಾಮಾನು ತರುವ ಅವರ ಲಾರಿಗಳಿಗೂ ಇದೇ ಗತಿ. ಪೆಟ್ರಾಪೋಲಿನಲ್ಲಿ ಇಳಿಸಿ, ಬರಿದಾಗಿ ಮರಳಬೇಕು.

ಫುಲ್ ಲೋಡಿನ ಗುಣವೇನೆಂದು ಮೇಲೆ ಹೇಳಿದೆವಷ್ಟೆ? ಅದು ಇಲ್ಲಿ ನಷ್ಟವಾಯಿತು. ಮೇಷ್ಟರ ಬುದ್ಧಿಯಿಂದ ನಾವು ಅಲ್ಲಿಯೇ ಒಂದು ಲೆಕ್ಕ ಹಾಕಿದೆವು. ಹದಿನೈದು ಟನ್ ಹೊರುವ ಲಾರಿಯಲ್ಲಿ ಐವತ್ತು ಕಿಲೋ ತೂಕದ ಮೂಟೆಗಳು ೩೦೦. ಒಮ್ಮೆ ಏರಿಸಿ ಒಮ್ಮೆ ಇಳಿಸಿದರೆ ಹಮಾಲರು ೬೦೦ ಸಲ ಮೂಟೆ ಎತ್ತಬೇಕು. ಗಡಿಯಲ್ಲಿ ಉಗ್ರಾಣಕ್ಕೆ ಇಳಿಸಿ, ಪುನಃ ಬೇರೊಂದು ಲಾರಿಗೆ ಏರಿಸಿದರೆ ೧,೨೦೦ ಸಲ. ಎತ್ತಿದಷ್ಟು ಸಲವೂ ಕೊಕ್ಕೆಯ ಗಾಯ, ಸೋರಿಕೆ, ಮಳೆಗಾಲವಾದರೆ ತೇವ. ಕೂಲಿಯೂ ಇಮ್ಮಡಿ. ಲಾರಿಯ ಧಣಿಯು ಹೋಗುವ ಬಾಡಿಗೆಯಲ್ಲಿಯೇ ಬರಿದಾಗಿ ಬರುವ ಖರ್ಚನ್ನೂ ಸೇರಿಸಿ ಕೇಳುತ್ತಾನೆ. ನಿಂತ ದಿನಗಳಿಗೆ ದಿನಕ್ಕೆ ಇಷ್ಟೆಂದು ಬೇರೆ. ಇದೆಲ್ಲ ಕಟ್ಟಕಡೆಗೆ ಯಾರ ಮೇಲೆ ಬೀಳುತ್ತದೆಂಬುದನ್ನು, ತಿಂಗಳ ಸಾಮಾನಿನ ಚೀಟಿ ಬರೆಯುವ ಗೃಹಿಣಿಯರಿಗೆ ನಾವು ಹೇಳಬೇಕಾಗಿಲ್ಲ.

ಸಮಯದ ಲೆಕ್ಕವನ್ನು ನಮಗಿಂತ ಸಮರ್ಥರು ಮಾಡಿದ್ದಾರೆ. ವಿಶ್ವಬ್ಯಾಂಕಿನವರು ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೆಟ್ರಾಪೋಲ್-ಬೇನಾಪೋಲ್ ಗಡಿಯನ್ನು ಸರಕು ದಾಟುವುದಕ್ಕೆ ೧೩೮ ಗಂಟೆ ಹಿಡಿಯುತ್ತದೆಂದೂ, ಅದರಲ್ಲಿ ೨೮ ಗಂಟೆ ಕೇವಲ ಒಂದು ಲಾರಿಯಿಂದ ಇನ್ನೊಂದಕ್ಕೆ ವರ್ಗಾಯಿಸುವುದಕ್ಕೇ ವ್ಯಯವಾಗುವುದೆಂದೂ ಬರೆದರು. ಐದು ದಿನ ಹದಿನೆಂಟು ಗಂಟೆಯಾಯಿತು. ದಿನಕ್ಕೆ ಮೂವತ್ತು ಕಿಲೋಮೀಟರು ನಡೆಯುವ ಎತ್ತಿನ ಗಾಡಿಯು ಕಲ್ಕತ್ತೆಯಿಂದ ಮೂರನೆಯ ದಿನ ಗಡಿಗೆ ಬಂದೀತು. ದಾಟುವುದಕ್ಕೆ ಅದರ ಸುಮಾರು ಎರಡರಷ್ಟು ಕಾಲ! ಪೂರ್ವ ಆಫ್ರಿಕದಲ್ಲಿ ಇಷ್ಟೇ ದಟ್ಟಣೆಯುಳ್ಳ ಗಡಿಗಳನ್ನು ಆರು ಗಂಟೆಯೊಳಗೆ ದಾಟಬಹುದೆಂದೂ ಆ ಬರಹದಲ್ಲಿ ಇದೆ. ಭಾರತದ ವರ್ತಕನಿಗೆ ನೆರೆಯ ಬಾಂಗ್ಲಾದೇಶದೊಡನೆ ವ್ಯಾಪಾರ ಮಾಡುವುದಕ್ಕಿಂತ ಸಮುದ್ರದಾಚೆಯ ಬ್ರೆಜಿಲ್ ಅಥವಾ ಜರ್ಮನಿಯೊಡನೆ ಮಾಡುವುದೇ ನೂರಕ್ಕೆ ಹದಿನೈದು ಇಪ್ಪತ್ತರಷ್ಟು ಅಗ್ಗವೆಂದು ಓದಿದಾಗ ನಾವು ಕನ್ನಡಕ ಒರಸಿಕೊಂಡು ಮತ್ತೊಮ್ಮೆ ಓದಬೇಕಾಯಿತು.

ಈ ಅಂಕಿಗಳನ್ನು ಓದುವ ಮೊದಲೇ ನಾವು ಅವುಗಳೊಳಗಿನ ಮನುಷ್ಯನೊಬ್ಬನನ್ನು ನೋಡಿದ್ದೆವು. ಬನಗಾಂವಿನ ಮೈದಾನದಲ್ಲಿ ಶಿಷ್ಯನು ಯಾರೊಡನೆಯೋ ಮಾತನಾಡುತ್ತಿದ್ದಾಗ, ಲಾರಿಯ ಮಗ್ಗುಲಲ್ಲಿ ಸಣ್ಣ ಗ್ಯಾಸ್ ಒಲೆಯಿಟ್ಟು ಬೇಳೆ ಬೇಯಿಸುತ್ತಿದ್ದ ಚಾಲಕನು ನಮ್ಮ ಹಣೆಯ ಗಂಧಾಕ್ಷತೆಯನ್ನು ನೋಡಿ ಎದ್ದು ಬಂದು ಕೈಮುಗಿದನು. ಬಿಹಾರದ ಛಪ್ರಾ ಸೀಮೆಯವನು, ನಲವತ್ತರ ಆಸುಪಾಸು. ಅಲ್ಲಿಗೆ ಬಂದು ಹನ್ನೊಂದು ದಿನವಾಗಿತ್ತು. ನಮಗೆ ತಿಳಿದಷ್ಟು ಹಿಂದಿಯಲ್ಲಿ ಕ್ಷೇಮಸಮಾಚಾರ ಕೇಳಿದೆವು. ಅವನು ಸುತ್ತುಬಳಸಿ ಕಡೆಗೆ ಕೇಳಿದುದಿಷ್ಟು: ಅಂದಿಗೆ ಮೂರನೆಯ ದಿನ, ಮಾರ್ಗಶಿರ ಶುದ್ಧ ದಶಮಿ, ತನ್ನ ತಂದೆಯ ವಾರ್ಷಿಕ ತಿಥಿ, ತಾನೊಬ್ಬನೇ ಮಗ, ಲಾರಿ ಬಿಟ್ಟು ಹೋಗುವಂತಿಲ್ಲ, ತಿಥಿ ತಪ್ಪಿದರೆ ಏನಾಗುತ್ತದೆ, ಪಂಡಿತ್‌ಜೀ?

ಲಾರಿಯನ್ನು ಏಕೆ ಬಿಡುವಂತಿಲ್ಲವೆಂದು ನಾವು ಕೇಳಿದೆವು. ಸರಕಿನ ಬೆಲೆ ತಾನು ಜನ್ಮವೆಲ್ಲ ದುಡಿದರೂ ತೀರದಷ್ಟು. ಕ್ಲೀನರ್ ಹುಡುಗನಿಗೆ ಹದಿನೆಂಟೂ ತುಂಬಿರಲಾರದು. ಸರದಿ ಬಂದಾಗ ಚಾಲಕನಿಲ್ಲದಿದ್ದರೆ ಲಾರಿಯು ಹಿಂದಕ್ಕೆ ಬೀಳುತ್ತದೆ. ಊರಿಗೆ ಬಂದು ಹೋಗಲು ಮೂರು ದಿನ ಬೇಕು. ಸರದಿ ನಾಳೆಯೇ ಬರಬಹುದು, ಮುಂದಿನ ವಾರವೂ ಬರಬಹುದು. ಯಾವಾಗ ಎಂದು ಗೊತ್ತಿದ್ದರೆ ಹೇಗೋ ಮಾಡಬಹುದಾಗಿತ್ತು, ಗೊತ್ತಿಲ್ಲವಲ್ಲ ಎಂದನು. ಕಾಯುವುದಕ್ಕಿಂತಲೂ ಎಷ್ಟು ಕಾಯಬೇಕೆಂದು ತಿಳಿಯದಿರುವುದೇ ಅವನಿಗೆ ಹೆಚ್ಚಿನ ಸಂಕಟವಾಗಿತ್ತು.

ಪರಿಹಾರಕ್ಕೆ ಆಮೇಲೆ ಬರೋಣ. ಗಡಿಯಲ್ಲಿ ಹೀಗೇಕೆ ಆಗಬೇಕು ಎಂಬುದನ್ನು ಮೊದಲು ವಿಚಾರಿಸತಕ್ಕದ್ದು. ಅಧಿಕಾರಿಗಳ ಆಲಸ್ಯವೊಂದೇ ಕಾರಣವೆಂದು ಹೇಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಒಂದು ದೇಶದ ಲಾರಿಯು ಇನ್ನೊಂದರ ಒಳನಾಡಿನಲ್ಲಿ ಓಡಬೇಕಾದರೆ ಆ ಲಾರಿಯ ಪರವಾನಗಿ, ಚಾಲಕನ ಲೈಸೆನ್ಸು, ಅಪಘಾತದ ವಿಮೆ ಇವುಗಳನ್ನೆಲ್ಲ ಆ ದೇಶವು ಮಾನ್ಯಮಾಡಬೇಕು. ರಸ್ತೆ ಸೇತುವೆಗಳು ಎಷ್ಟು ಭಾರ ತಡೆಯಬಲ್ಲವೆಂಬುದರಲ್ಲಿ ಎರಡು ಕಡೆಗೂ ಒಮ್ಮತವಿರಬೇಕು. ದಾರಿಯಲ್ಲಿ ಸರಕನ್ನು ಸುಂಕ ಕೊಡದೆ ಮಾರಿಬಿಟ್ಟರೆ ಹೊಣೆ ಯಾರು? ನೆರೆಯವರ ದೊಡ್ಡ ಲಾರಿಗಳು ಬಂದರೆ ತಮ್ಮ ಬಾಡಿಗೆ ಹೋಯಿತೆಂಬ ಭಯ ಅಲ್ಲಿಯ ಲಾರಿಯವರಿಗೆ. ಇನ್ನು ಬನಗಾಂವಿನಲ್ಲಿ ಹಮಾಲರು, ಏಜೆಂಟರು, ಹೋಟೆಲಿನವರು, ಮೈದಾನ ಕಾಯುವವರು, ಹೀಗೆ ನಿಂತ ಲಾರಿಯಿಂದ ಹೊಟ್ಟೆ ಹೊರೆಯುವ ಸಂಸಾರಗಳೆಷ್ಟೋ. ಓಡುವ ಲಾರಿ ಅವರಿಗೆ ಅನ್ನ ಕೊಡದು. ಇದನ್ನು ಮರೆತು ಮಾಡುವ ಸುಧಾರಣೆಯನ್ನು ಆ ಊರು ಸ್ವಾಗತಿಸಲಾರದೆಂಬುದು ನಮ್ಮ ಅಭಿಪ್ರಾಯ.

ನೇಪಾಳದ ಗಡಿಯಲ್ಲಿ ಸ್ಥಿತಿ ಬೇರೆ. ಅಲ್ಲಿ ಭಾರತದ ಲಾರಿಯು ರಕ್ಸೌಲಿನಲ್ಲಿ ಗಡಿ ದಾಟಿ ಬೀರ್‌ಗಂಜಿನ ಮೂಲಕ ಒಳನಾಡಿಗೆ ಸರಕಿಳಿಸದೆಯೇ ಹೋಗಬಹುದು. ಆದರೆ ತೆರೆದ ಬಾಗಿಲಿಗೂ ಅಗುಳಿ ಬೀಳಬಹುದೆಂಬುದನ್ನು ೨೦೧೫ನೆಯ ಇಸವಿ ತೋರಿಸಿತು. ಆ ಸೆಪ್ಟೆಂಬರಿನಲ್ಲಿ ನೇಪಾಳವು ಹೊಸ ಸಂವಿಧಾನವನ್ನು ಜಾರಿಗೆ ತಂದ ಮೇಲೆ ತರಾಯಿಯ ಮಧೇಸಿಗಳು ಪ್ರತಿಭಟಿಸಿ ಗಡಿಯಲ್ಲಿ ಕುಳಿತರು. ಭಾರತವೇ ದಿಗ್ಬಂಧನ ಮಾಡಿತೆಂದು ನೇಪಾಳದವರು ದೂರಿದರು. ಅಲ್ಲಿಯ ಒಳಜಗಳವೇ ಕಾರಣವೆಂದು ಭಾರತವು ಹೇಳಿತು. ವಾದವು ಹೇಗೇ ಇರಲಿ, ೨೦೧೬ರ ಫೆಬ್ರವರಿಯವರೆಗೆ ಬೀರ್‌ಗಂಜಿನ ದಾರಿಯಲ್ಲಿ ಲಾರಿಗಳು ಸರಿಯಾಗಿ ಸಾಗಲಿಲ್ಲ. ಕಾಠ್ಮಂಡುವಿನ ಮನೆಗಳಲ್ಲಿ ಅಡಿಗೆಯ ಗ್ಯಾಸ್ ಇಲ್ಲದೆ ಸೌದೆಯ ಒಲೆ ಹೂಡಿದರು. ಸಿಕ್ಕಿದ ಸಿಲಿಂಡರನ್ನೂ ಅರ್ಧ ತುಂಬಿಯೇ ಹಂಚಬೇಕಾಯಿತು. ಅದೇ ವರ್ಷದ ಭೂಕಂಪದಲ್ಲಿ ಮನೆ ಕಳೆದುಕೊಂಡವರಿಗೆ ಚಳಿಗಾಲವದು. ೨೦೧೯ರಲ್ಲಿ ಬಿಹಾರದ ಮೋತಿಹಾರಿಯಿಂದ ಅಮಲೇಖ್‌ಗಂಜಿಗೆ ೬೯ ಕಿಲೋಮೀಟರು ಉದ್ದದ ತೈಲದ ಕೊಳವೆ ಹಾಕಿದರು. ಅಷ್ಟರಮಟ್ಟಿಗೆ ಟ್ಯಾಂಕರ್ ಲಾರಿಗಳ ಹೊರೆ ಇಳಿಯಿತು.

ಯೂರೋಪಿನವರು ಇಂದು ಗಡಿಯಿಲ್ಲದಂತೆ ಓಡಾಡುವುದನ್ನು ಕಂಡು, ಅದು ಅವರ ಸ್ವಭಾವವೇ ಎಂದು ತಿಳಿಯಬಾರದು. ೧೯೮೪ರ ಫೆಬ್ರವರಿಯಲ್ಲಿ ಸುಂಕದ ನೌಕರರು ಬೇಕೆಂದೇ ಕೆಲಸ ನಿಧಾನಮಾಡಲು, ಆಲ್ಪ್ಸ್ ಪರ್ವತದ ದಾರಿಗಳಲ್ಲಿ ಚಳಿಯಲ್ಲಿ ಸಿಕ್ಕಿಕೊಂಡ ಲಾರಿಯವರು ಸಿಟ್ಟಿಗೆದ್ದು ಫ್ರಾನ್ಸಿನ ರಸ್ತೆಗಳನ್ನೇ ಕಟ್ಟಿಬಿಟ್ಟರು. ಅದೇ ವರ್ಷದ ಜುಲೈನಲ್ಲಿ ಫ್ರಾನ್ಸೂ ಪಶ್ಚಿಮ ಜರ್ಮನಿಯೂ ತಮ್ಮ ನಡುವಣ ತಪಾಸಣೆಯನ್ನು ಸಡಿಲಿಸುವುದಾಗಿ ಒಪ್ಪಿದವು. ಮರುವರ್ಷ ಷೆಂಗೆನ್ ಒಪ್ಪಂದ. ೧೯೯೩ರ ಜನವರಿ ಒಂದರಿಂದ ಸಮುದಾಯದ ಒಳಗಡಿಗಳಲ್ಲಿ ಸುಂಕದ ತಪಾಸಣೆಯೇ ಹೋಯಿತು. ಕೀನ್ಯ ಮತ್ತು ಉಗಾಂಡಗಳು ತಮ್ಮ ಗಡಿಯ ಬುಸಿಯದಲ್ಲಿ ೨೦೧೮ರಲ್ಲಿ ಇನ್ನೊಂದು ಉಪಾಯವನ್ನು ವಿಧ್ಯುಕ್ತವಾಗಿ ಜಾರಿಗೆ ತಂದವು: ಎರಡು ದೇಶದ ಅಧಿಕಾರಿಗಳೂ ಒಂದೇ ಕಟ್ಟಡದಲ್ಲಿ ಪಕ್ಕಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ. ಲಾರಿಯು ಒಂದು ಕಡೆ ನಿಂತರೆ ಸಾಕು.

ಕೌಟಿಲ್ಯನ ಮುದ್ರೆಗೆ ತೀರ ಹತ್ತಿರವಾದದ್ದೆಂದರೆ ‘ಟಿ. ಐ. ಆರ್.’ ಎಂಬ ವ್ಯವಸ್ಥೆ. ಯುದ್ಧಾನಂತರ ೧೯೪೯ರಲ್ಲಿ ಯೂರೋಪಿನ ಕೆಲವು ದೇಶಗಳು ಇದನ್ನು ಆರಂಭಿಸಿದವು. ಪ್ರಕೃತ ನಡೆಯುತ್ತಿರುವುದು ೧೯೭೫ರ ಒಡಂಬಡಿಕೆ. ಹೊರಡುವ ಊರಿನ ಕಸ್ಟಮ್ಸಿನವರು ಲಾರಿಯ ಪೆಟ್ಟಿಗೆಯನ್ನು ಮುದ್ರೆಯಿಟ್ಟು ಮುಚ್ಚುತ್ತಾರೆ. ದಾರಿಯ ದೇಶಗಳವರು ಮುದ್ರೆ ಒಡೆದಿಲ್ಲವೆಂದು ನೋಡಿ, ಲಾರಿಯೊಡನೆ ಬರುವ ಒಂದು ಪುಸ್ತಕದಲ್ಲಿ ಠಸ್ಸೆ ಹಾಕಿ ಬಿಡುತ್ತಾರೆ. ಸುಂಕ ತಪ್ಪಿದರೆ ತುಂಬಿಕೊಡುವುದಕ್ಕೆ ಜಾಮೀನು ಮೊದಲೇ ಇರುತ್ತದೆ. ಭಾರತವು ೨೦೧೭ರ ಜೂನಿನಲ್ಲಿ ಇದಕ್ಕೆ ಸೇರಿತು. ಅದಕ್ಕೂ ಮೊದಲು, ೨೦೧೫ರ ಜೂನ್ ೧೫ರಂದು ಥಿಂಪುವಿನಲ್ಲಿ ಬಾಂಗ್ಲಾದೇಶ, ಭೂತಾನ್, ಭಾರತ, ನೇಪಾಳಗಳು ಪರಸ್ಪರ ವಾಹನಸಂಚಾರದ ಒಪ್ಪಂದಕ್ಕೆ ಸಹಿ ಹಾಕಿದ್ದವು. ಆ ನವೆಂಬರಿನಲ್ಲಿ ಪರೀಕ್ಷಾರ್ಥವಾಗಿ ಕಲ್ಕತ್ತೆಯಿಂದ ಹೊರಟ ಲಾರಿಯು ಢಾಕಾದ ಮೂಲಕ ಅಗರ್ತಲೆಗೆ ಸರಕಿಳಿಸದೆ ಹೋಯಿತು. ಸಿಲಿಗುರಿ ಗುವಾಹಾಟಿಗಳನ್ನು ಸುತ್ತಿಕೊಂಡು ಹೋಗುವ ದಾರಿಗೆ ಹೋಲಿಸಿದರೆ ಇದು ಅರ್ಧಕ್ಕೂ ಕಡಿಮೆ. ಆದರೆ ತಮ್ಮ ಪುಟ್ಟ ನಾಡಿನ ಪರಿಸರಕ್ಕೆ ಪರದೇಶದ ಲಾರಿಗಳಿಂದ ಧಕ್ಕೆಯಾದೀತೆಂಬ ಶಂಕೆಯಿಂದ ಭೂತಾನಿನ ಮೇಲ್ಮನೆಯು ೨೦೧೬ರಲ್ಲಿ ಒಪ್ಪಂದವನ್ನು ನಿರಾಕರಿಸಿತು. ಉಳಿದ ಮೂವರು ಮುಂದುವರಿಯುವುದೆಂದು ಮಾತುಕತೆಗಳಾದುವು. ಲಾರಿಗಳ ನಿತ್ಯಸಂಚಾರ ಮಾತ್ರ ನಡೆಯಲಿಲ್ಲ.

ಪೆಟ್ರಾಪೋಲಿನಲ್ಲಿ ಸುಧಾರಣೆಯೇ ಆಗಲಿಲ್ಲವೆಂದಲ್ಲ. ೨೦೧೬ರಲ್ಲಿ ವಿಶಾಲವಾದ ಸಂಯುಕ್ತ ತಪಾಸಣಾ ಆವರಣ ತೆರೆಯಿತು. ೨೦೧೭ರ ಆಗಸ್ಟಿನಿಂದ ಹಗಲಿರುಳೂ ಸರಕು ಬಿಡುವ ಏರ್ಪಾಡಾಯಿತು. ನಾವು ಬಂದ ಮೇಲೆ, ೨೦೨೨ರಲ್ಲಿ, ಪಶ್ಚಿಮ ಬಂಗಾಳದ ಸರ್ಕಾರವು ಲಾರಿಗಳು ಮುಂಚಿತವಾಗಿ ದಿನ ಗೊತ್ತುಮಾಡಿಕೊಳ್ಳುವ ‘ಸುವಿಧಾ’ ಎಂಬ ಕ್ರಮವನ್ನು ತಂದಿತು. ಆ ಚಾಲಕನಿಗೆ ಬೇಕಾಗಿದ್ದುದು ಇದೇ. ೨೦೨೪ರ ಅಕ್ಟೋಬರಿನಲ್ಲಿ ಸರಕಿಗಾಗಿಯೇ ‘ಮೈತ್ರಿ ದ್ವಾರ’ವೆಂಬ ಇನ್ನೊಂದು ಬಾಗಿಲು ತೆರೆಯಿತು. ಆದರೆ ಹೆಸರಿನಂತೆ ಕಾಲ ನಡೆಯಲಿಲ್ಲ. ಆ ವರ್ಷದ ಆಗಸ್ಟಿನಲ್ಲಿಯೇ ಢಾಕಾದಲ್ಲಿ ಸರ್ಕಾರ ಬಿದ್ದು ಎರಡು ದೇಶಗಳ ಸಂಬಂಧ ಹಳಸಿತ್ತು. ೨೦೨೫ರ ಏಪ್ರಿಲಿನಲ್ಲಿ, ಬಾಂಗ್ಲಾದೇಶದ ಸರಕು ನಮ್ಮ ಬಂದರು ವಿಮಾನ ನಿಲ್ದಾಣಗಳ ಮೂಲಕ ಬೇರೆ ದೇಶಗಳಿಗೆ ಹೋಗುವ ಸೌಲಭ್ಯವನ್ನು ಭಾರತವು ಹಿಂತೆಗೆದುಕೊಂಡಿತು. ಭಾರತದ ನೂಲು ಬೇನಾಪೋಲ್ ಮುಂತಾದ ನೆಲದ ದಾರಿಗಳಿಂದ ಬರಕೂಡದೆಂದು ಬಾಂಗ್ಲಾದೇಶವು ತಡೆಯಿತು. ಮೇ ತಿಂಗಳಲ್ಲಿ ಅಲ್ಲಿಯ ಸಿದ್ಧ ಉಡುಪು ಕಲ್ಕತ್ತೆ ಮತ್ತು ನವಶೇವಾ ಬಂದರುಗಳಿಂದ ಮಾತ್ರ ಬರಬೇಕೆಂದು ಭಾರತವು ವಿಧಿಸಿತು. ನೆಲದ ಮೇಲೆ ಒಂದು ಗೆರೆ ದಾಟಿದರೆ ಸಾಕಾಗಿದ್ದ ಅಂಗಿಯು ಸಮುದ್ರ ಸುತ್ತಿ ಬರಬೇಕಾಯಿತು.

ನಮ್ಮ ದೇಶದೊಳಗೂ ಒಂದು ಕಾಲದಲ್ಲಿ ಊರೂರಿಗೆ ಸುಂಕವಿದ್ದುದನ್ನು ನಮ್ಮ ವಯಸ್ಸಿನವರು ಬಲ್ಲರು. ಬೆಣ್ಣೆಯ ಗಡಿಗೆಯನ್ನು ಆಕ್ಟ್ರಾಯ್ ಗೇಟಿನಲ್ಲಿ ಇಳಿಸಿ ತೋರಿಸಿದ ನೆನಪು ನಮಗಿದೆ. ಕರ್ನಾಟಕದಲ್ಲಿ ೧೯೭೯ರಲ್ಲಿ ಅದು ಹೋಯಿತು. ೨೦೧೭ರ ಜುಲೈನಲ್ಲಿ ಜಿ. ಎಸ್. ಟಿ. ಬಂದ ಮೇಲೆ ಅನೇಕ ಪ್ರಾಂತ್ಯಗಳ ಗಡಿಯ ತೆರಿಗೆ ಗೇಟುಗಳು ದಿನಗಳೊಳಗೆ ಎದ್ದವು. ಅವುಗಳ ಬದಲು ಬಂದ ‘ಇ-ವೇ ಬಿಲ್’ ಎಂಬ ಚೀಟಿಯನ್ನು ೨೦೧೮ರ ಏಪ್ರಿಲ್ ಒಂದರಿಂದಲೇ ತನ್ನ ಒಳಸಾಗಣೆಗೂ ಜಾರಿಮಾಡಿದ ಪ್ರಾಂತ್ಯ ನಮ್ಮದೇ.

ಇನ್ನು ಆ ಚಾಲಕನ ಪ್ರಶ್ನೆ. ತಿಥಿಯು ವಿಘ್ನದಿಂದ ತಪ್ಪಿದರೆ ಮುಂದಿನ ಕೃಷ್ಣಪಕ್ಷದ ಏಕಾದಶಿಯಲ್ಲಿಯೋ ಅಮಾವಾಸ್ಯೆಯಲ್ಲಿಯೋ ಶ್ರಾದ್ಧ ಮಾಡಬಹುದೆಂಬುದು ಶಾಸ್ತ್ರಸಮ್ಮತವಾದ ಮಾತು. ಅದನ್ನೇ ಹೇಳಿದೆವು. ಅವರ ಸೀಮೆಯಲ್ಲಿ ಮಾಸವು ಪೂರ್ಣಿಮೆಗೆ ಮುಗಿಯುವುದರಿಂದ ನಮಗೆ ಮಾರ್ಗಶಿರವಾದ ಆ ಕೃಷ್ಣಪಕ್ಷವು ಅವರಿಗೆ ಪುಷ್ಯವಾಗುತ್ತದೆ. ಗೊಂದಲವಾಗದಿರಲೆಂದು ಇಂಗ್ಲಿಷ್ ತಾರೀಖನ್ನೇ, ಡಿಸೆಂಬರ್ ೨೨ ಮತ್ತು ೨೬ ಎಂದು, ಚೀಟಿಯಲ್ಲಿ ನಾಗರಾಕ್ಷರದಿಂದ ಬರೆದುಕೊಟ್ಟೆವು. ದಶಮಿಯ ದಿನ ಒಂದು ಹೊತ್ತು ಉಪವಾಸವಿದ್ದು ನೀರಿಗೆ ಎಳ್ಳು ಬಿಡು, ಅಷ್ಟು ಸಾಕೆಂದೆವು. ಅವನು ಚೀಟಿಯನ್ನು ಕಾರ್ ಪಾಸಿನ ಕಾಗದಗಳ ನಡುವೆ ಇಟ್ಟುಕೊಂಡು, ಬೆಂದ ಬೇಳೆಯನ್ನು ನಮಗೂ ಬಡಿಸುವುದಕ್ಕೆ ಹೊರಟನು.

ನಾವು ಊರಿಗೆ ಮರಳಿದ ಮೇಲೆ ಶಿಷ್ಯನನ್ನು ಫೋನಿನಲ್ಲಿ ಕೇಳಿದೆವು. ಆ ಲಾರಿಯು ದ್ವಾದಶಿಯ ದಿನ, ಎಂದರೆ ತಿಥಿ ಕಳೆದ ಎರಡು ದಿನಕ್ಕೆ, ಗಡಿ ದಾಟಿತಂತೆ. ಬೇನಾಪೋಲಿನಲ್ಲಿ ಇಳಿಸಿ ಬರುವುದಕ್ಕೆ ಇನ್ನೂ ಕೆಲವು ದಿನ ಹಿಡಿದು, ಬರಿ ಲಾರಿಯನ್ನು ಧಣಿಗೆ ಒಪ್ಪಿಸಿ ಅವನು ಊರು ಸೇರುವ ಹೊತ್ತಿಗೆ ಏಕಾದಶಿ ಕಳೆದಿತ್ತು. ಅಮಾವಾಸ್ಯೆಯ ದಿನ ಮಾಡಿದನಂತೆ. ಆ ಅಮಾವಾಸ್ಯೆಗೆ ಸೂರ್ಯಗ್ರಹಣವೂ ಕೂಡಿತ್ತು. ಕೊಡಗಿನ ಕುಟ್ಟದಲ್ಲಿ ಅದು ಕಂಕಣಾಕಾರವಾಗಿ ಕಂಡಿತು. ನಾವು ಮನೆಯ ಅಂಗಳದಲ್ಲಿ ಜರಡಿಯ ಕೆಳಗೆ ಬಿದ್ದ ನೂರಾರು ಚಿಕ್ಕ ಚಿಕ್ಕ ಸೂರ್ಯಗಳನ್ನು ಮೊಮ್ಮಗಳಿಗೆ ತೋರಿಸುತ್ತಿದ್ದಾಗ ಆ ಬೇಳೆಯ ಪಾತ್ರೆಯ ನೆನಪು ಬಂದಿತು.